‘ಅದು’ ಎಂದರೆ ಯಾರು

ಗಂಗಾ ನನ್ನ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಾಳೆ. ಶಿರಸಿಯಲ್ಲಿ ಪ್ರೆಸ್ಸುಗಳಿಗೇನೂ ಬರವಿಲ್ಲ. ಆದರೂ ಸಿದ್ದಾಪುರ, ಯಲ್ಲಾಪುರದಿಂದ ಜನ ಮದುವೆ ಕಾರ್ಡು ಮಾಡಿಸಲು ನನ್ನಲ್ಲಿಗೇ ಬರುತ್ತಾರೆ, ಅದು ಈ ಮಡಿವಾಳಪ್ಪನ, ಎಂದರೆ ನನ್ನ, ಮುಖ ನೋಡಿ ಅಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ಒಮ್ಮೆ ಹೆಗ್ಗರಣೆಯ ಮನೆಯೊಂದರವರು ಮದುಮಗಳು ಶ್ರದ್ಧಾಳ ಹೆಸರನ್ನು ‘ಚಿ. ಸೌ. ಶ್ರಾದ್ಧ’ ಎಂದು ಬರೆದುಕೊಟ್ಟಿದ್ದರು. ಕಂಪ್ಯೂಟರಿನವಳು ಕಣ್ಣು ಮುಚ್ಚಿ ಹಾಗೆಯೇ ಹೊಡೆದಳು. ನಾನು ನೋಡಿ ಸೈ ಎಂದೆ. ಮದುಮಗಳ ಅಪ್ಪನೂ ಸಹಿ ಹಾಕಿದ. ಗಂಗಾ ಹಿಡಿಯದಿದ್ದರೆ ಊರಿಗೆ ಊರೇ ಶ್ರಾದ್ಧದ ಊಟಕ್ಕೆ ಹೊರಡುತ್ತಿತ್ತು. ಅವಳು ತಿದ್ದಿ ಮುಗಿಸಿದ ಪುಟದ ಕೆಳಗೆ ‘ತಪ್ಪಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಾಳೆ. ಆ ಮಾತು ಅವಳ ಕೈಯಿಂದ ಸುಲಭಕ್ಕೆ ಬರುವುದಿಲ್ಲ. ಒಂದು ಕಾರ್ಡು ನಾಲ್ಕು ಸಲ ವಾಪಸು ಬಂದದ್ದೂ ಇದೆ, ನಾನು ಸಿಟ್ಟಿಗೆದ್ದದ್ದೂ ಇದೆ.

ಅವಳಿಗೆ ನಲವತ್ತು ದಾಟಿದೆ. ಎತ್ತರ ನಾಲ್ಕನೇ ಕ್ಲಾಸಿನ ಹುಡುಗಿಯಷ್ಟು. ಮೈ ಬೆಳೆಯಲು ಬೇಕಾದ ಒಂದು ಅಂಶ ಅವಳ ಒಳಗೆ ಹುಟ್ಟಿನಿಂದಲೇ ತಯಾರಾಗುವುದಿಲ್ಲವಂತೆ. ಮನೆಯವರಿಗೆ ಇದು ತಿಳಿದದ್ದು ಅವಳು ಬೆಳೆಯುವ ವಯಸ್ಸು ಮುಗಿದ ಮೇಲೆ. ಆಗ ಅದನ್ನು ಹೊರಗಿನಿಂದ ಕೊಟ್ಟು ಪ್ರಯೋಜನವಿರಲಿಲ್ಲ. ಮತ್ತಿಘಟ್ಟದ ಕಡೆಯ ಮನೆತನ. ಅಣ್ಣ ನಾಗಪತಿ ಶಿರಸಿ ಪೇಟೆಯಲ್ಲಿ ಬ್ಯಾಟರಿ, ಇನ್ವರ್ಟರ್ ಅಂಗಡಿ ಹಾಕಿದಾಗ ಅವನ ಸಂಸಾರದ ಜೊತೆ ಅವಳೂ ಬಂದಳು. ಅಂಗಡಿ ನನ್ನ ಪ್ರೆಸ್ಸಿನ ಪಕ್ಕದ್ದೇ. ಮದುವೆಯ ಮಾತು ಬರಲಿಲ್ಲವೇ ಎಂದು ಕೇಳುವ ಅಧಿಕಪ್ರಸಂಗಿ ಗಿರಾಕಿಗಳಿಗೆ ಗಂಗಾ, ‘ಬಂದ ಕಾರ್ಡನ್ನೆಲ್ಲ ತಿದ್ದಿ ಕಳಿಸಿದ್ದೇನೆ’ ಎನ್ನುತ್ತಾಳೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಾನು ಬನವಾಸಿ ಕಡೆಯವನು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ‘ಆಕಿ’ ಎನ್ನುತ್ತೇವೆ. ಇಲ್ಲಿನ ತೋಟದ ಮನೆಗಳ ಮಾತಿನಲ್ಲಿ ‘ಅವಳು’ ಎಂಬುದೇ ಇಲ್ಲ. ಅಮ್ಮ ಬಂತು, ಅಕ್ಕ ಹೋತು. ಹೆಂಗಸು ಯಾರೇ ಆಗಲಿ ‘ಅದು’. ಅಗೌರವ ಅಂತಲ್ಲ; ತಾಯಿಯನ್ನು ತಲೆಯ ಮೇಲೆ ಹೊತ್ತು ತಿರುಗುವವನೂ ಹಾಗೆಯೇ ಹೇಳುತ್ತಾನೆ. ಪ್ರೆಸ್ ಹಾಕಿದ ಹೊಸತರಲ್ಲಿ ಗಿರಾಕಿಯೊಬ್ಬರು ‘ಅದು ಹೊರಗೆ ನಿಂತಿದ್ದು, ಅದ್ಕೂ ಒಂಚೂರು ಕಾರ್ಡು ತೋರಿಸ್ತೆ’ ಎಂದರು. ಇವರ ಎಮ್ಮೆಗೆ ಕಾರ್ಡು ಏಕೆ ಎಂದು ಬಾಗಿಲಿನಿಂದ ಇಣುಕಿದೆ. ರೇಷ್ಮೆ ಸೀರೆಯ ಹೆಂಡತಿ ನಿಂತಿದ್ದರು. ಬರಬರುತ್ತ ಆ ‘ಅದು’ವಿಗೂ, ನಾನು ಎನ್ನಲು ‘ಆನು’, ಹುಡುಗಿ ಎನ್ನಲು ‘ಕೂಸು’, ಎಂದು ಎನ್ನಲು ‘ಹೇಳಿ’, ಹೇಳಬೇಕು ಎನ್ನಲು ‘ಹೇಳವು’ ಎಂಬುದಕ್ಕೂ ನನ್ನ ಕಿವಿ ಒಗ್ಗಿತು. ಒಗ್ಗಿದ್ದೇ ಮುಂದಿನ ಎಡವಟ್ಟಿಗೆ ದಾರಿಯಾಯಿತು.

ಎತ್ತರದ ಸ್ಟೂಲಿನ ಮೇಲೆ ಕೂತು ಪ್ರೂಫ್ ನೋಡುವುದು ಗಂಗಾಳ ರೂಢಿ. ಕಾಲಿಡಲು ಅದಕ್ಕೊಂದು ಹಲಗೆ ಹೊಡೆಸಿಕೊಟ್ಟಿದ್ದೆ. ಮದುವೆಗಳ ಕಾಲದ ಗಡಿಬಿಡಿಯಲ್ಲಿ ಅದೇ ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ಕಾಗದದ ಕಟ್ಟು ಎಳೆಯಲು ಹೋಗಿ ಕೆಳಗೆ ಬಿದ್ದಳು. ಬಲಗಾಲು, ಮೊಣಕಾಲಿನ ಕೆಳಗಿನ ಎಲುಬು ಮುರಿಯಿತು. ಎಂಥವರಿಗೂ ಆಗುವಂಥದ್ದು, ಪ್ಲಾಸ್ಟರ್ ಹಾಕಿದರೆ ಕೂಡಿಕೊಳ್ಳುತ್ತದೆ ಎಂದುಕೊಂಡೆವು. ಕೂಡಲಿಲ್ಲ. ಸಾಲದ್ದಕ್ಕೆ ಕೀವಾಯಿತು. ಆಪರೇಷನ್ ಮಾಡಿ ಸತ್ತ ಎಲುಬಿನ ತುಂಡನ್ನು ತೆಗೆದರು. ಸೊಂಟದಿಂದ ಎಲುಬಿನ ಚೂರು ತಂದು ಆ ಖಾಲಿ ಜಾಗಕ್ಕೆ ತುಂಬಿದರು. ಅದೂ ಕರಗಿ ಹೋಯಿತು. ಕೀವು ವಾಸಿಯಾಯಿತೇ ಹೊರತು ಎಲುಬಿನ ನಡುವೆ ಹೆಬ್ಬೆರಳಿನಗಲದ ತೆರಪು ಉಳಿದುಬಿಟ್ಟಿತು.

ನೋಡುತ್ತಿದ್ದವರು ಡಾಕ್ಟರ್ ಬಸವರಾಜ, ಹಾವೇರಿಯವರು, ಶಿರಸಿಗೆ ಹೊಸಬರು. ನಾಗಪತಿಯ ಹಳೆಯ ಕಾರು ಕೈಕೊಡುವುದೇ ಹೆಚ್ಚಾದ್ದರಿಂದ ನಾನೇ ನನ್ನ ವ್ಯಾನಿನಲ್ಲಿ ಗಂಗಾಳನ್ನು ಕರೆದೊಯ್ಯುತ್ತಿದ್ದೆ. ಹಾಗಾಗಿ ಅವರು ಹೇಳಿದ್ದಕ್ಕೆ ನಾನೂ ಸಾಕ್ಷಿ.

“ಎರಡು ದಾರಿ ಅದಾವ ನೋಡ್ರಿ. ಒಂದು, ಮೊಣಕಾಲ ಕೆಳಗ ಕಾಲು ತೆಗದು, ಕೃತಕ ಕಾಲು ಹಾಕೋದು. ನಡೀಬಹುದು. ಇನ್ನೊಂದು, ಒಂದು ಇಂಜೆಕ್ಷನ್. ನಮ್ಮ ಕುತ್ತಿಗ್ಯಾಗ ಸಣ್ಣ ಗ್ರಂಥಿ ಇರ್ತಾವ, ಅವು ಒಂದು ಹಾರ್ಮೋನು ಬಿಡ್ತಾವ. ಆ ಹಾರ್ಮೋನಿಂದು ಒಂದು ತುಂಡಷ್ಟ ತಯಾರು ಮಾಡಿ ಮದ್ದು ಮಾಡ್ಯಾರ. ವಯಸ್ಸಾದ ಹೆಣ್ಮಕ್ಕಳ ಎಲುಬು ಸವದಾಗ ಕೊಡ್ತೀವಿ.”

“ಪೂರ್ತಿ ವಾಕ್ಯ ಬೇಡ, ಮೊದಲ ನಾಲ್ಕು ಶಬ್ದ ಸಾಕು ಅನ್ನೋ ಹಾಗೆ” ಎಂದಳು ಗಂಗಾ.

“ಹಂಗ ಅನ್ರಿ. ಆದ್ರ ಆ ತುಂಡು ಎಲುಬು ಬೆಳಸಬೇಕಂದ್ರ ಬೆಳವಣಿಗಿ ಅಂಶದ ಸಹಾಯ ಬೇಕು ಅಂತಾರ. ನಿಮ್ಮ ಮೈಯಾಗ ಅದ ಇಲ್ಲ. ಇಲ್ಲದವರಿಗೆ ಕೊಟ್ರ ಏನಾಗತೈತಿ, ನನಗ ಗೊತ್ತಿಲ್ರಿ. ನಿಮ್ಮ ಅಣ್ಣನ ಮಗಳು ಅದನ್ನ ಇಲಿ ಮ್ಯಾಲೆ ನೋಡಾಕತ್ತಾಳ ಅಂದ್ರೆಲ್ಲ, ಆಕಿನ್ನ ಕೇಳ್ರಿ. ಆಸೆ ಐತಿ ಅಂದ್ರ ಕೊಡೋಣ. ಇಲ್ಲಂದ್ರ ಸುಮ್ನ ಕಾಯೋದು ಬ್ಯಾಡ. ಕಾದಷ್ಟೂ ಮೊಣಕಾಲೂ ಕೆಡತೈತಿ.”

ನಾಗಪತಿಯ ಮಗಳು ರಮ್ಯಶ್ರೀ ಧಾರವಾಡದಲ್ಲಿ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಗಂಗಾಳ ಮೈಯಲ್ಲಿ ಯಾವ ಅಂಶ ಇಲ್ಲವೋ ಅದೇ ಅಂಶ ತಯಾರಾಗದ ಹಾಗೆ ಮಾಡಿದ ಇಲಿಗಳು ಅಲ್ಲಿವೆ. ಬೇರೆ ಇಲಿಗಳ ಅರ್ಧದಷ್ಟೂ ಬೆಳೆಯುವುದಿಲ್ಲವಂತೆ. ಅವುಗಳಿಗೆ ಮತ್ತು ಬರಿಸಿ ಕಾಲಿನ ಎಲುಬಿನಲ್ಲಿ ಒಂದು ತೂತು ಮಾಡುತ್ತಾರೆ. ಆಮೇಲೆ ಕೆಲವಕ್ಕೆ ಹಾರ್ಮೋನಿನ ತುಂಡು, ಕೆಲವಕ್ಕೆ ಬರೀ ಉಪ್ಪುನೀರು ಚುಚ್ಚುತ್ತ ಹೋಗಿ, ಯಾವುದರ ತೂತು ಮುಚ್ಚಿತು ಎಂದು ನೋಡುತ್ತಾರೆ. ಅತ್ತೆಯ ಮೇಲಿನ ಪ್ರೀತಿಯಿಂದ ಈ ವಿಷಯ ಹಿಡಿದಳು ಎಂದು ನೆಂಟರು ಹೇಳಿಕೊಂಡು ತಿರುಗುತ್ತಾರೆ. ಸೀಟು ಸಿಕ್ಕಿದ್ದೇ ಇದಕ್ಕೆ ಎಂದು ಅವಳು ಹೇಳುತ್ತಾಳೆ. ಎರಡೂ ನಿಜವಿರಬಹುದು.

ಡಾಕ್ಟರು ಹೀಗೆಂದ ಮೇಲೆ ಬಂದ ಭಾನುವಾರ ರಮ್ಯಶ್ರೀ ಮನೆಗೆ ಬಂದಿದ್ದಳು. ಪ್ರೂಫಿನ ಕಟ್ಟು ಕೊಡಲು ನಾನೂ ಹೋಗಿದ್ದೆ. ಗಂಗಾ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಯಾವುದನ್ನೂ ಸುತ್ತಿಬಳಸಿ ಕೇಳುವವಳಲ್ಲ.

“ಕೂಸೆ, ಇಲಿಗೆ ಎಂತ ಆತು?”

“ಲೆಕ್ಕ ಮುಗೀದೇ ಹೇಳ್ಲಾಗ ಅತ್ತೆ. ಇನ್ನೂ ಸ್ವಲ್ಪ ದಿನ ಇದ್ದು.”

“ಆಸೆ ಇದ್ದಾ ಇಲ್ಯಾ, ಅಷ್ಟಾದ್ರೂ ಹೇಳು.”

“ಆಸೆ ಹೇಳದು ಲೆಕ್ಕದಲ್ಲಿ ಬತ್ತಿಲ್ಲೆ ಅತ್ತೆ” ಎಂದಳು ರಮ್ಯಶ್ರೀ. ಹುಡುಗಿ ಕಲ್ಲು ಎಂದು ನನಗೆ ಆಗ ಅನಿಸಿತು. ಈಗ ನೋಡಿದರೆ ಆ ಮನೆಯಲ್ಲಿ ನೆಟ್ಟಗೆ ಮಾತಾಡಿದವಳು ಅವಳೊಬ್ಬಳೇ.

ಮರುದಿನ ಬೆಳಿಗ್ಗೆ ನಾನು ಪ್ರೆಸ್ಸಿನ ಬಾಗಿಲು ತೆಗೆಯುವಷ್ಟರಲ್ಲಿ ನಾಗಪತಿ ಬಂದು ಗಂಗಾಳ ಸ್ಟೂಲಿನ ಮೇಲೆ ಕೂತ. ಅವನು ಕಿವಿಯನ್ನು ನಂಬಿ ಬದುಕಿದವನು. ಇನ್ವರ್ಟರಿನ ಗುಂಯ್ ಸದ್ದು ಕೇಳಿಯೇ ಏನು ಕೆಟ್ಟಿದೆ ಎಂದು ಹೇಳುತ್ತಾನೆ, ಮುಚ್ಚಳ ತೆಗೆಯುವುದು ಆಮೇಲೆ. ಹಿಂದಿನ ಸಂಜೆ ಅವನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದಿದ್ದ. ಮಗಳು ಬಟ್ಟೆ ತೆಗೆಯಲು ಹತ್ತಿ ಬಂದು, ಅಲ್ಲೇ ನಿಂತು ಸುಮಂತನ ಹತ್ತಿರ ಫೋನಿನಲ್ಲಿ ಮಾತಾಡಿದಳು. ಸುಮಂತ ಅರಬೈಲ್ ಕಡೆಯ ಹುಡುಗ, ಅವಳ ಜೊತೆ ಅದೇ ಪ್ರಯೋಗಾಲಯದಲ್ಲಿದ್ದಾನೆ. ಇಬ್ಬರೂ ಒಂದೇ ಮನೆಮಾತಿನವರು.

“ಎಂತ ಹೇಳ್ತು ಗೊತ್ತಿದ್ದಾ ಮಡಿವಾಳಪ್ಪ” ಎಂದು ನಾಗಪತಿ ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸಿದ. “ಅದು ಮೊದ್ಲೇ ಸಣ್ಣ, ಹುಟ್ಟಿದಾಗಿಂದ ಆ ಅಂಶವೇ ಇಲ್ಲೆ. ಎಷ್ಟು ಚುಚ್ಚಿದ್ರೂ ಎಲುಬು ಕೂಡ್ತಿಲ್ಲೆ, ಹಾಂಗೇ ಇದ್ದು. ಇನ್ನು ಇಟ್ಗಂಡು ಉಪಯೋಗ ಇಲ್ಲೆ, ಬರೋ ವಾರ ಕಾಲು ತೆಗೆದುಬಿಡನ ಹೇಳಿ ಹೇಳ್ತು.”

“ಇಟ್ಕೊಂಡು ಉಪಯೋಗಿಲ್ಲ ಅಂದಳೇನ್ರಿ?”

“ವಿಜ್ಞಾನದವ್ರ ಮಾತೇ ಹಾಂಗೆ. ನಮ್ಮೆದ್ರಿಗೆ ಲೆಕ್ಕ ಮುಗಿಯವು ಹೇಳ್ತು, ಅಂವನ ಹತ್ರ ಖರೆ ಹೇಳ್ತು. ಅತ್ತೆ ಮನಸ್ಸಿಗೆ ಬೇಜಾರಾಗ್ತು ಹೇಳಿ ಮುಚ್ಚಿಡ್ತಾ ಇದ್ದು.”

ಮಗಳನ್ನೇ ಕೇಳಬಹುದಿತ್ತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ನಾಗಪತಿಯ ಲೆಕ್ಕದಲ್ಲಿ ಎದುರಿಗೆ ಹೇಳಿದ ಮಾತು ಶಿಷ್ಟಾಚಾರ, ಮರೆಯಲ್ಲಿ ಕೇಳಿದ್ದು ಸತ್ಯ. ನನಗೂ ಅನುಮಾನ ಬರಲಿಲ್ಲ. ಸಣ್ಣ ಎಂದರೆ ಗಂಗಾ, ಹುಟ್ಟಿದಾಗಿಂದ ಆ ಅಂಶ ಇಲ್ಲದ್ದೆಂದರೆ ಗಂಗಾ, ಕಾಲೆಂದರೆ ಗಂಗಾಳ ಕಾಲು. ಕೀವಾಗಿದ್ದಾಗ ಅವಳಿಗೆ ಚುಚ್ಚಿದ ಸೂಜಿಗೆ ಲೆಕ್ಕವಿರಲಿಲ್ಲ. ಎಲ್ಲ ಹೊಂದಿಕೊಂಡಿತು.

ನಾಗಪತಿ ತಂಗಿಗೆ ಪೂರ್ತಿ ಹೇಳಲಿಲ್ಲ. ‘ಉಪಯೋಗ ಇಲ್ಲೆ’ ಎಂಬುದನ್ನು ಬಿಟ್ಟು ಉಳಿದದ್ದನ್ನು ಮಗಳೇ ತನ್ನ ಹತ್ತಿರ ಹೇಳಿದಳು ಎಂಬಂತೆ ಹೇಳಿದ. ಆ ಸಂಜೆ ನಾನು ಸಿದ್ದಾಪುರದ ಸೊಸೈಟಿಯೊಂದರ ವರದಿಯ ಪ್ರೂಫ್ ತರಲು ಹೋದಾಗ ಅವನ ಹೆಂಡತಿ ಗೀತಾ ಒಲೆಯ ಮುಂದೆ ನಿಂತು ಅಳುತ್ತಿದ್ದರು. ಗಂಗಾಳ ಕಣ್ಣು ಒಣಗಿತ್ತು. ಸೊಸೈಟಿಯ ಕಾರ್ಯದರ್ಶಿ ‘ಅಭಿವೃದ್ಧಿ’ಯನ್ನು ಬರೆದ ರೀತಿಗೆ ಬೈಯುತ್ತ ತಿದ್ದುತ್ತಿದ್ದಳು.

“ಗಂಗಕ್ಕ, ಏನ್ ಮಾಡಬೇಕಂತೀರಿ?”

“ಅಡ್ಡಿಲ್ಲೆ. ತೆಗೆಯಲಿ” ಎಂದಳು. ನನ್ನ ಹತ್ತಿರ ಪೇಟೆಯ ಕನ್ನಡ ಮಾತಾಡುವವಳು ಅವತ್ತು ಮನೆಮಾತಿನಲ್ಲೇ ಹೇಳಿದಳು. ಪುಟ ತಿರುವುತ್ತ, “ಕೂಸು ನನಗೇ ಹೇಳಬಹುದಾಗಿತ್ತು. ನಾನು ಅದಕ್ಕೆ ಅಕ್ಷರ ಕಲಿಸಿದವಳು. ತಪ್ಪು ಇದ್ದರೆ ಇದೆ ಅಂತ ಮುಖಕ್ಕೇ ಹೇಳು ಅಂತ ಕಲಿಸಿದ್ದು ನಾನೇ” ಎಂದಳು.

ಕಾಲು ಹೋಗುತ್ತದೆ ಎಂಬುದಕ್ಕಿಂತ ಅವಳಿಗೆ ಈ ನೋವು ದೊಡ್ಡದಾಗಿತ್ತು. ಅದು ನನಗೆ ಕಾಣುತ್ತಿತ್ತು. ಪ್ರೂಫ್ ತೆಗೆದುಕೊಂಡು ಬಂದೆ. ಧಾರವಾಡದಿಂದ ಫೋನು ಬಂದರೆ ಗಂಗಾ ನಿದ್ದೆ ಮಾಡಿದ್ದಾಳೆ ಎಂದು ಹೇಳಿಸುತ್ತಿದ್ದಳಂತೆ. ರಮ್ಯಶ್ರೀಗೂ ಇಲಿಗಳ ಕೆಲಸ ಮುಗಿಸುವ ಗಡಿಬಿಡಿ, ಅವಳು ಹೆಚ್ಚು ವಿಚಾರಿಸಲಿಲ್ಲ.

ಆಪರೇಷನ್ನಿನ ದಿನ ಗೊತ್ತುಮಾಡಲು ನಾವು ಮೂವರೂ ಡಾಕ್ಟರ್ ಬಸವರಾಜರಲ್ಲಿಗೆ ಹೋದೆವು. ಗಂಗಾಳನ್ನು ಗಾಲಿಕುರ್ಚಿಯಲ್ಲಿ ಮೇಜಿನ ಮುಂದೆ ನಿಲ್ಲಿಸಿದೆ. ಮೇಜು ಎತ್ತರವಾಗಿತ್ತು, ಅವಳ ಮುಖವಷ್ಟೇ ಮೇಲೆ ಕಾಣುತ್ತಿತ್ತು. ಡಾಕ್ಟರು ಅದನ್ನು ನೋಡಿ ತಮ್ಮ ಕುರ್ಚಿ ಬಿಟ್ಟು ಈಚೆ ಬಂದು ಸ್ಟೂಲಿನ ಮೇಲೆ ಕೂತರು. ಮನುಷ್ಯ ಒಳ್ಳೆಯವರು.

“ಏನಂದಳ್ರಿ ನಿಮ್ಮ ಮಗಳು?”

ನಾಗಪತಿ ಗಂಟಲು ಸರಿಮಾಡಿಕೊಂಡ. “ಕಾಲು ತೆಗೆಯದೇ ಸರಿ ಹೇಳ್ತು ಸರ್. ಅದ್ಕೆ ಎಷ್ಟು ಚುಚ್ಚಿದ್ರೂ ಎಲುಬು ಕೂಡ್ತಿಲ್ಲೆ ಹೇಳಿ.”

“ನಿಲ್ರಿ. ಯಾರಿಗೆ ಚುಚ್ಚಿದ್ರ?”

“ಅದ್ಕೆ.”

“ಅದಕ್ಕ ಅಂದ್ರ ಯಾರಿಗ್ರಿ? ನಾ ಇವರಿಗೆ ಆ ಇಂಜೆಕ್ಷನ್ ಇನ್ನೂ ಒಂದೂ ಕೊಟ್ಟಿಲ್ಲ. ಕೊಟ್ಟರ ಕೂಡಾಂಗಿಲ್ಲ ಅಂದಳೋ, ಕೊಟ್ಟರೂ ಕೂಡಲಿಲ್ಲ ಅಂದಳೋ?”

ನಾಗಪತಿ ನನ್ನ ಕಡೆ ನೋಡಿದ. ನನ್ನ ತಲೆಯಲ್ಲೂ ಆಗ ಏನೋ ಕದಲಿತು. ಡಾಕ್ಟರು ನಮ್ಮಿಬ್ಬರ ಮುಖವನ್ನೂ ನೋಡಿದರು. ಅವರಿಗೆ ಅರ್ಥವಾಗಿರಲಿಲ್ಲ, ಹೊಸಬರಾಗಿದ್ದರಿಂದ ಕೇಳಿದ್ದರು ಅಷ್ಟೆ. ಅರ್ಥವಾದದ್ದು ಗಂಗಾಗೆ. ಕೆಂಪು ಪೆನ್ನು ಹಿಡಿದಾಗ ಅವಳ ಮುಖ ಹೇಗಾಗುತ್ತದೋ ಹಾಗಾಯಿತು.

“ಅಣ್ಣಾ, ಕೂಸು ಹೇಳಿದ್ದು ಎಂತ? ಒಂದಕ್ಷರ ಬಿಡದ್ದೆ ಹೇಳು.”

ನಾಗಪತಿ ಹೇಳಿದ. ತಂಗಿಯ ಕಣ್ಣಿನ ಎದುರು ಏನನ್ನೂ ಬಿಡಲಾಗಲಿಲ್ಲ. ‘ಇನ್ನು ಇಟ್ಗಂಡು ಉಪಯೋಗ ಇಲ್ಲೆ’ ಎಂಬಲ್ಲಿ ಅವನ ಧ್ವನಿ ಇಳಿಯಿತು. ಗಂಗಾ ಅಲ್ಲಾಡಲಿಲ್ಲ.

“ನಿನ್ನ ಹತ್ರ ಹೇಳಿದ್ದಾ?”

“ಸುಮಂತನ ಹತ್ರ. ಭಾನುವಾರ ತಾರಸಿ ಮೇಲೆ, ಫೋನಲ್ಲಿ.”

ಗಂಗಾ ತನ್ನ ಫೋನು ತೆಗೆದು ರಮ್ಯಶ್ರೀಗೆ ಹಚ್ಚಿದಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಅಂಚಿನಲ್ಲಿ ಇಟ್ಟಳು. ಮೊದಲು ಆ ಕಡೆಯಿಂದ, ‘ಅತ್ತೆ, ಎಂತ ಆತು, ಎಷ್ಟು ದಿನ ಆತು ನಿನ್ನ ಮಾತು ಕೇಳ್ದೇ’ ಎಂಬ ದನಿ ಬಂತು.

“ಹೋದ ಭಾನುವಾರ ತಾರಸಿ ಮೇಲೆ ಸುಮಂತನ ಹತ್ರ, ‘ಅದು ಸಣ್ಣ, ಅದ್ರ ಎಲುಬು ಕೂಡ್ತಿಲ್ಲೆ, ಕಾಲು ತೆಗೆಯನ’ ಹೇಳಿದ್ಯಲ. ಅದು ಅಂದ್ರೆ ಯಾರು?”

“ಅದಾ? ಕಡೇ ಪಂಜರದ ಇಲಿ. ಉಪ್ಪುನೀರು ಕೊಟ್ಟ ಗುಂಪಿಂದು. ಎಂತಕ್ಕೆ?”

ನಾಗಪತಿ ಗೋಡೆಯ ಕಡೆ ತಿರುಗಿದ.

“ಮದ್ದು ಕೊಟ್ಟ ಇಲಿಗೆ ಎಂತ ಆತು?” ಎಂದು ಗಂಗಾ ಕೇಳಿದಳು.

“ಲೆಕ್ಕ...”

“ಲೆಕ್ಕ ಬ್ಯಾಡ. ಕಣ್ಣಿಗೆ ಕಂಡದ್ದು ಹೇಳು.”

ರಮ್ಯಶ್ರೀ ತಡೆದು ಹೇಳಿದಳು. “ಕೂಡಿದ್ದು ಅತ್ತೆ. ಆ ಅಂಶ ಇಪ್ಪ ಇಲಿಯಷ್ಟು ಗಟ್ಟಿ ಅಲ್ಲ. ಆದ್ರೆ ತೂತು ತುಂಬಿದ್ದು. ಇಲಿಗೆ ಆದದ್ದು ಮನುಷ್ಯರಿಗೆ ಆಗ್ತು ಹೇಳಿ ಇಲ್ಲೆ, ಆನು ಹಾಂಗೆ ಹೇಳ್ತಿಲ್ಲೆ.”

ಡಾಕ್ಟರು ಫೋನಿನತ್ತ ಬಗ್ಗಿ ತಮ್ಮ ಪರಿಚಯ ಹೇಳಿದರು. ಇಬ್ಬರೂ ಇಂಗ್ಲಿಷಿಗೆ ಹೊರಳಿ ತುಂಬ ಹೊತ್ತು ಮಾತಾಡಿದರು. ನನಗೆ ಅಲ್ಲಲ್ಲಿ ಅರ್ಥವಾಯಿತು. ಡಾಕ್ಟರು ಕೇಳುತ್ತ ಕೇಳುತ್ತ ಕಾಲು ತೆಗೆಯುವುದಕ್ಕೆಂದು ಬರೆಯುತ್ತಿದ್ದ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡದ್ದು ಮಾತ್ರ ಚೆನ್ನಾಗಿ ಅರ್ಥವಾಯಿತು. ಮಾತು ಮುಗಿಯಿತು ಎಂದುಕೊಂಡಾಗ ಗಂಗಾ ಮತ್ತೆ ಫೋನಿನ ಹತ್ತಿರ ಬಂದಳು.

“ಕೂಸೆ, ಎಲುಬು ಕೂಡಿದ ಇಲಿ ಕಾಲನ್ನೂ ತೆಗೆಯವಾ?”

“ಹೌದು ಅತ್ತೆ. ಎಲ್ಲದ್ರದ್ದೂ ತೆಗೆಯವು. ತೆಗೆದು ನೋಡದೇ ಒಳಗೆ ಎಷ್ಟು ಕೂಡಿದ್ದು ಹೇಳಿ ಗೊತ್ತಾಗ್ತಿಲ್ಲೆ.”

“ಅಡ್ಡಿಲ್ಲೆ. ಇಡ್ತೆ” ಎಂದು ಗಂಗಾ ಫೋನು ಆರಿಸಿದಳು.

ವ್ಯಾನಿನಲ್ಲಿ ವಾಪಸು ಹೊರಟೆವು. ನಾಗಪತಿ ಮುಂದೆ ನನ್ನ ಪಕ್ಕದಲ್ಲಿದ್ದ, ಗಂಗಾ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು. ಅರ್ಧ ದಾರಿಯಲ್ಲಿ ನಾಗಪತಿಯೇ ಮಾತು ತೆಗೆದ.

“ಸಣ್ಣ ಹೇಳಿದ್ದು. ಹುಟ್ಟಿದಾಗಿಂದ ಇಲ್ಲೆ ಹೇಳಿದ್ದು. ಕಾಲು ಹೇಳಿದ್ದು. ಆನು ಮತ್ಯಾರು ಹೇಳಿ ತಿಳ್ಕಳ್ಳವು?”

“ಅಷ್ಟೂ ಹೊಂದ್ತು ಅಣ್ಣಾ. ಅದ್ಕೆ ಬೇಜಾರಿಲ್ಲೆ” ಎಂದಳು ಗಂಗಾ. “ಇಟ್ಗಂಡು ಉಪಯೋಗ ಇಲ್ಲೆ ಹೇಳಿದ್ದೂ ನನ್ನ ವಿಷಯವೇ ಹೇಳಿ ನಂಬಿದ್ಯಲ. ಅದು ಹ್ಯಾಂಗೆ ಹೊಂದ್ತು?”

ನಾಗಪತಿ ಕಿಟಕಿಯ ಕಡೆ ಮುಖ ಮಾಡಿ ಅತ್ತ. ಬೆಳೆದ ಗಂಡಸು, ಭುಜ ಅಲ್ಲಾಡುವಂತೆ ಅತ್ತ. ನಾನು ಗಿಯರು ಬದಲಿಸುವ ನೆಪದಲ್ಲಿ ರಸ್ತೆ ನೋಡುತ್ತಿದ್ದೆ. ಆ ಮಾತನ್ನು ನಾನೂ ನಂಬಿದ್ದೆ, ಹಾಗಾಗಿ ಅವನ ಪರವಾಗಿ ಹೇಳಲು ನನ್ನ ಹತ್ತಿರವೂ ಏನೂ ಇರಲಿಲ್ಲ.

ಮನೆಯ ಮುಂದೆ ಇಳಿಸುವಾಗ ಗಂಗಾ ಹೇಳಿದಳು. “ಅಣ್ಣಾ, ಇನ್ನು ಮುಂದೆ ನನ್ನ ವಿಷಯ ಮಾತಾಡುವಾಗ ‘ಅವಳು’ ಹೇಳವು. ಪುಸ್ತಕದಲ್ಲಿ ಇಪ್ಪ ಹಾಂಗೆ.”

“ನಾಲಿಗೆ ತಿರುಗ್ತಿಲ್ಲೆ ಮಾರಾಯ್ತಿ. ಅಮ್ಮಂಗೂ ಹೇಳಿದ್ದಿಲ್ಲೆ.”

“ಅಮ್ಮನ ಕಾಲು ಯಾರೂ ತೆಗೆಯಕ್ಕೆ ಹೊರಟಿದ್ದಿಲ್ಲೆ.”

ಇಂಜೆಕ್ಷನ್ ಶುರುವಾಯಿತು. ಪೆನ್ನಿನಂಥ ಒಂದು ಸಾಧನ, ದಿನವೂ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳಬೇಕು. ಗಂಗಾ ತಾನೇ ಚುಚ್ಚಿಕೊಳ್ಳುತ್ತಿದ್ದಳು. ಕೈಗೆ ಕೆಂಪು ಪೆನ್ನಿನ ಅಭ್ಯಾಸವಿತ್ತಲ್ಲ ಎಂದು ನಾನು ಕೀಟಲೆ ಮಾಡಿದರೆ ನಗುತ್ತಿದ್ದಳು. ಮದ್ದನ್ನು ಫ್ರಿಜ್ಜಿನಲ್ಲಿ ಇಡಬೇಕು, ತಂಪು ತಪ್ಪುವಂತಿಲ್ಲ. ಮಳೆಗಾಲದಲ್ಲಿ ಶಿರಸಿಯ ಕರೆಂಟು ಹೇಗೆಂದು ಬೇರೆ ಹೇಳಬೇಕಿಲ್ಲ. ನಾಗಪತಿ ಅಂಗಡಿಯ ದೊಡ್ಡ ಇನ್ವರ್ಟರನ್ನೇ ಮನೆಗೆ ಹೊತ್ತುಕೊಂಡು ಹೋಗಿ ಫ್ರಿಜ್ಜಿಗೆ ಕೂಡಿಸಿದ, ಅದು ಸಾಲದೆಂದು ಇನ್ನೊಂದು ಬ್ಯಾಟರಿ ಜೋಡಿಸಿದ. ಮನೆಯ ದೀಪಗಳೆಲ್ಲ ಆರಿ ಗೀತಾ ಮೊಬೈಲಿನ ಬೆಳಕಿನಲ್ಲಿ ದೋಸೆ ಹುಯ್ಯುತ್ತಿದ್ದರೂ ಫ್ರಿಜ್ಜು ಮಾತ್ರ ಗುಂಯ್ ಎನ್ನುತ್ತಿತ್ತು. ಆ ಸದ್ದು ಕೇಳುತ್ತ ಅವನು ಅಡಿಗೆಮನೆಯ ಹೊಸ್ತಿಲಲ್ಲೇ ಕೂತಿರುತ್ತಿದ್ದ.

ಆದರೆ ‘ಅವಳು’ ಎಂಬ ಮಾತು ಅವನ ಬಾಯಿಂದ ಹೊರಡಲಿಲ್ಲ. ಹೇಳಲೂ ಆಗದೆ, ‘ಅದು’ ಎನ್ನಲೂ ಆಗದೆ ಅವನು ಪಟ್ಟ ಪಾಡು ನಾಟಕದಂತಿತ್ತು. ಮಾತನ್ನು ಎಲ್ಲೆಲ್ಲೋ ಸುತ್ತಿಸಿ ತರುತ್ತಿದ್ದ. ತಂಗಿ ಉಂಡಳೇ ಎಂದು ಕೇಳಿದರೆ ‘ಗಂಗಂದು ಊಟ ಆತು’ ಎನ್ನುತ್ತಿದ್ದ. ಮಲಗಿದಳೇ ಎಂದರೆ ‘ನಿದ್ದೆ ನಡೆದಿದ್ದು’. ಡಾಕ್ಟರ ಎದುರು ‘ನಮ್ಮ ಪೇಷಂಟು’ ಎಂದ. ಗಂಗಾ ಎಲ್ಲ ಕೇಳುತ್ತಿದ್ದಳು, ತಿದ್ದುತ್ತಿರಲಿಲ್ಲ. ಅವನ ಹತ್ತಿರ ಮಾತನ್ನೂ ಕಡಿಮೆ ಮಾಡಿದ್ದಳು. ಆ ಮನೆಯಲ್ಲಿ ಒಂದು ಶಬ್ದ ಅಷ್ಟು ದಿನ ಬಾಕಿ ಉಳಿದಿತ್ತು.

ಮಳೆ ಮುಗಿಯುವ ಹೊತ್ತಿಗೆ ತೆಗೆದ ಎಕ್ಸ್‌ರೇಯಲ್ಲಿ ಎಲುಬಿನ ತೆರಪಿನಲ್ಲಿ ಮಬ್ಬಾಗಿ ಏನೋ ಕಂಡಿತು, ತೊಳೆದ ಪಾತ್ರೆಯಲ್ಲಿ ಉಳಿದ ಹಾಲಿನ ಕಲೆಯ ಹಾಗೆ. ದೀಪಾವಳಿ ಕಳೆದ ಮೇಲೆ ತೆಗೆದದ್ದರಲ್ಲಿ ಅದು ಎರಡೂ ತುದಿಯನ್ನು ಮುಟ್ಟಿತ್ತು. ಡಾಕ್ಟರು ಫಿಲ್ಮನ್ನು ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿದರು.

“ಕೂಡೇತ್ರಿ. ಇನ್ನೂ ಗಟ್ಟಿ ಆಗಬೇಕು. ಆದ್ರ ಇದು ಇಂಜೆಕ್ಷನ್ನಿನಿಂದ ಕೂಡೇತೋ, ಕೀವು ಹೋದಮ್ಯಾಲೆ ತಾನ ಕೂಡೇತೋ, ಅದನ್ನ ನಾ ಹೇಳಾಂಗಿಲ್ಲ. ಒಬ್ಬರ ಮ್ಯಾಲೆ ನೋಡಿದ್ದು ಲೆಕ್ಕಕ್ಕ ಬರಾಂಗಿಲ್ಲ.”

“ಹೌದು” ಎಂದಳು ಗಂಗಾ. “ಉಪ್ಪುನೀರು ಕೊಟ್ಟ ಇನ್ನೊಬ್ಬಳು ಗಂಗಾ ಇಲ್ಲವಲ್ಲ.”

ಡಾಕ್ಟರು ನಕ್ಕರು. ಗಂಗಾ ನಗಲಿಲ್ಲ. ಅವಳು ಆಗಾಗ ಆ ಕಡೇ ಪಂಜರದ ಇಲಿಯ ವಿಷಯ ಎತ್ತುತ್ತಿದ್ದಳು. ‘ಅದೂ ಹೆಣ್ಣೇ ಅಂತೆ’ ಎಂದು ಒಮ್ಮೆ ಪ್ರೂಫಿನ ಮಧ್ಯೆ ತಲೆಯೆತ್ತಿ ಹೇಳಿ ಮತ್ತೆ ತಗ್ಗಿಸಿದ್ದಳು.

ಊರುಗೋಲು ಹಿಡಿದು ಪ್ರೆಸ್ಸಿಗೆ ಬರತೊಡಗಿದಳು. ಎತ್ತರದ ಸ್ಟೂಲನ್ನು ನಾನು ಗುಜರಿಗೆ ಹಾಕಿ, ಮೇಜಿನ ಕಾಲುಗಳನ್ನೇ ಕೊಯ್ಸಿ ತಗ್ಗಿಸಿದ್ದೆ. ಇದನ್ನು ಮೊದಲೇ ಮಾಡಬೇಕಿತ್ತು ಎಂದು ಬಡಗಿ ಹೇಳಿದ, ಅವನಿಗೆ ಸರಿಯಾಗಿ ಬೈದೆ. ಒಂದು ಬೆಳಿಗ್ಗೆ ಯಲ್ಲಾಪುರದ ಕಾರ್ಡೊಂದರ ಮೊದಲ ಪ್ರತಿ ಮಷಿನ್ನಿನಿಂದ ಹೊರಬಂತು. ಮಷಿನ್ನು ಕೋಣೆಯ ಆ ತುದಿಗಿದೆ. ತಂದು ಕೊಡೋಣವೆಂದು ನಾನು ಎದ್ದೆ. ಗಂಗಾ ಬೇಡ ಎಂದು ಕೈಯಾಡಿಸಿ, ಊರುಗೋಲನ್ನು ಮೇಜಿಗೆ ಒರಗಿಸಿಟ್ಟು ಎದ್ದಳು. ಗೋಡೆ ಹಿಡಿಯಲಿಲ್ಲ. ಬಲಗಾಲನ್ನು ನೆಲಕ್ಕೆ ಊರುವಾಗ ಪ್ರತಿ ಸಲ ಒಂದು ಕ್ಷಣ ನಿಂತು, ಮೈಭಾರ ಬಿಟ್ಟು, ಮುಂದಿನ ಹೆಜ್ಜೆ ಹಾಕಿದಳು. ಮಷಿನ್ನಿನ ತನಕ ಹೋಗಿ ಕಾರ್ಡು ತೆಗೆದುಕೊಂಡು ಅಲ್ಲಿಯೇ ನಿಂತು ಓದತೊಡಗಿದಳು.

ಪಕ್ಕದಂಗಡಿಯಿಂದ ನಾಗಪತಿ ಬಾಗಿಲಿಗೆ ಬಂದಿದ್ದ. ಯಾವಾಗ ಬಂದನೋ, ಕೈಯಲ್ಲಿ ಸ್ಕ್ರೂಡ್ರೈವರಿತ್ತು. ಅದನ್ನು ಕಿಸೆಗೆ ಹಾಕಿ ಫೋನು ತೆಗೆದು ಮಗಳಿಗೆ ಹಚ್ಚಿದ. ಅವನದು ಯಾವಾಗಲೂ ಸ್ಪೀಕರಿನಲ್ಲೇ ಮಾತು.

“ಕೂಸೆ” ಎಂದು ಶುರುಮಾಡಿ ನಿಂತ. ‘ನಡೆಯದು ಆತು’ ಎಂದೋ, ‘ಗಂಗಂದು ನಡಿಗೆ ಶುರುವಾತು’ ಎಂದೋ ಹೇಳಿ ಪಾರಾಗುತ್ತಾನೆ ಎಂದುಕೊಂಡೆ. ಅವನು ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡು, ಒಂದನೇ ಕ್ಲಾಸಿನವರು ಪಾಠ ಓದುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

“ಅವಳು ನಡೆದಳು.”

“ಯಾರು ಅಪ್ಪಯ್ಯಾ?” ಎಂದಳು ರಮ್ಯಶ್ರೀ.

ಅವಳದೇನೂ ತಪ್ಪಲ್ಲ. ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಆ ಶಬ್ದ ಕೇಳಿದವಳಲ್ಲ, ಯಾರೋ ಹೊರಗಿನ ಹೆಂಗಸಿನ ಸುದ್ದಿ ಎಂದುಕೊಂಡಳು. ನಾಗಪತಿ ಕಣ್ಣು ಒರೆಸಿಕೊಂಡ.

“ಗಂಗಾ” ಎಂದ. “ನಿನ್ನ ಅತ್ತೆ. ಕೋಲು ಬಿಟ್ಟು ನಡೆದಳು.”

ಗಂಗಾ ಕಾರ್ಡಿನಿಂದ ತಲೆಯೆತ್ತಿ ಅಣ್ಣನನ್ನು ನೋಡಿದಳು. ಕಾರ್ಡನ್ನು ಇನ್ನೂ ಅರ್ಧದ ತನಕವೂ ಓದಿರಲಿಲ್ಲ.

“ತಪ್ಪಿಲ್ಲೆ” ಎಂದಳು.